ಪಂಕ್ತಿಯಲ್ಲಿ ಕೂತ ದುಃಖ

ಸಿಖ್ಖರ ಮದುವೆ ಮುಗಿಯುವಾಗ ಯಾವ ಪದ ಹಾಡುತ್ತಾರೋ, ಸಾವಿನ ಮನೆಯ ಕೊನೆಯ ಪ್ರಾರ್ಥನೆ ಮುಗಿಯುವಾಗಲೂ ಅದೇ ಪದವನ್ನು ಹಾಡುತ್ತಾರೆ. ಮೂರನೆಯ ಗುರು ಅಮರದಾಸರು (1479–1574) ರಾಮಕಲಿ ರಾಗದಲ್ಲಿ ರಚಿಸಿದ ‘ಆನಂದ್ ಸಾಹಿಬ್’ ಅದು. ಅದರಲ್ಲಿ 40 ಚರಣಗಳಿವೆ. ಮೊದಲ ಐದು ಮತ್ತು ಕೊನೆಯ ಒಂದು ಚರಣ ಎಲ್ಲ ಕಾರ್ಯಗಳ ಮುಕ್ತಾಯಕ್ಕೂ ಬರುತ್ತವೆ. ಮಗುವಿಗೆ ಹೆಸರಿಟ್ಟರೂ ಅದೇ, ಹೊಸ ಮನೆ ಹೊಕ್ಕರೂ ಅದೇ, ಮನೆಯ ಹಿರಿಯರನ್ನು ಚಿತೆಗೆ ಒಪ್ಪಿಸಿ ಬಂದು ಹತ್ತು ದಿನ ಕಳೆದ ಮೇಲೂ ಅದೇ. ರಾತ್ರಿ ಮಲಗುವ ಮುಂಚೆ ಹೇಳಿಕೊಳ್ಳುವ ‘ಕೀರ್ತನ್ ಸೋಹಿಲಾ’ದ ಕತೆಯೂ ಹೀಗೆಯೇ. ಐದು ಪದಗಳ ಆ ಪುಟ್ಟ ಪಾಠವನ್ನು ದಿನಾ ಹಾಸಿಗೆಯಲ್ಲಿ ಕೂತು ಹೇಳುತ್ತಾರೆ. ಚಿತೆಗೆ ಬೆಂಕಿ ಇಟ್ಟ ಮೇಲೆ ಬಂಧುಗಳು ಹೇಳುವುದೂ ಅದನ್ನೇ.

ಕನ್ನಡದ ಮನೆಗಳಲ್ಲಿ ಬೆಳೆದ ನಮ್ಮಲ್ಲಿ ಹಲವರಿಗೆ ಇದು ತಟ್ಟನೆ ಒಗ್ಗುವುದಿಲ್ಲ. ಸೂತಕದ ಮನೆಯಲ್ಲಿ ಶುಭದ ಹಾಡು ಎತ್ತುವುದುಂಟೆ? ಆದರೆ 12ನೇ ಶತಮಾನದ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದ ನಾಡು ನಮ್ಮದು. ಗುರು ನಾನಕರೂ (1469–1539) ‘ಆಸಾ ದೀ ವಾರ್’ನಲ್ಲಿ ಸೂತಕದ ನಂಬಿಕೆಯನ್ನು ನೇರವಾಗಿ ಪ್ರಶ್ನಿಸಿದ್ದಾರೆ. ಹುಟ್ಟು, ಸಾವು ಎರಡೂ ಒಂದೇ ಅಪ್ಪಣೆಯಿಂದ ನಡೆಯುತ್ತವೆ ಎಂದು ಒಪ್ಪಿಕೊಂಡ ಮೇಲೆ ಎರಡಕ್ಕೂ ಬೇರೆ ಬೇರೆ ಹಾಡು ಏಕೆ ಎಂಬುದು ಆ ದಾರಿಯ ತರ್ಕ. ದುಃಖವನ್ನು ಒಳಗಿನ ಕೋಣೆಗೆ ಸೇರಿಸಿ ಬಾಗಿಲು ಹಾಕುವ ಪದ್ಧತಿ ಅಲ್ಲಿಲ್ಲ. ಸುಖ ಕೂತ ಚಾಪೆಯ ಮೇಲೆಯೇ ಅದನ್ನೂ ಕರೆದು ಕೂರಿಸುತ್ತಾರೆ.

ಅಂಚಿನ ಊರುಗಳಲ್ಲಿ

ಬೆಂಗಳೂರಿನ ಹೊರ ಅಂಚಿನಲ್ಲಿ ಬದುಕುವವರಿಗೆ ಈ ಮಾತಿನ ತೂಕ ಬೇರೆಯೇ. 1882ರಲ್ಲಿ ಆಂಗ್ಲೋ ಇಂಡಿಯನ್ನರ ಪುಟ್ಟ ವಸಾಹತಾಗಿ ಶುರುವಾದ ವೈಟ್‌ಫೀಲ್ಡ್, 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಕನಸು ಕಂಡ ಎಲೆಕ್ಟ್ರಾನಿಕ್ ಸಿಟಿ, ಅದೇ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯ ಕೈಗಾರಿಕಾ ಪ್ರದೇಶ. ಮೂರೂ ಕಡೆ ಇರುವವರಲ್ಲಿ ಬಹುಮಂದಿ ಬೇರೆಲ್ಲಿಂದಲೋ ಬಂದವರು. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದವರಿದ್ದಾರೆ. ಒಡಿಶಾ, ಬಿಹಾರ, ಪಂಜಾಬಿನವರಿದ್ದಾರೆ. ಇಲ್ಲಿನ ದುಃಖಗಳಲ್ಲಿ ದೊಡ್ಡದು ದೂರದ ದುಃಖ. ಅಪ್ಪ ಕೊನೆಯುಸಿರೆಳೆದ ಸುದ್ದಿ ರಾತ್ರಿ ಪಾಳಿಯ ನಡುವೆ ಫೋನಿನಲ್ಲಿ ಬರುತ್ತದೆ. ಸಾಫ್ಟ್‌ವೇರ್ ಎಂಜಿನಿಯರ್ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಓಡುತ್ತಾನೆ, ಪೀಣ್ಯದ ಲೇತ್ ಕೆಲಸಗಾರ ಸಿಕ್ಕ ರೈಲಿನ ಜನರಲ್ ಬೋಗಿಯಲ್ಲಿ ನಿಲ್ಲುತ್ತಾನೆ. ಇಬ್ಬರೂ ತಲುಪುವಷ್ಟರಲ್ಲಿ ಬಹಳ ಸಲ ಎಲ್ಲ ಮುಗಿದಿರುತ್ತದೆ. ಇದರ ಜೊತೆಗೆ ಮನೆ ಸಾಲದ ಕಂತು, ಕೆಲಸ ಹೋಗುವ ಭಯ, ಗುತ್ತಿಗೆ ಮುಗಿಯುವ ತಾರೀಖು. ಪಕ್ಕದ ಫ್ಲ್ಯಾಟಿನವರ ಹೆಸರು ಕೂಡ ಗೊತ್ತಿಲ್ಲದೆ ವರ್ಷಗಳು ಕಳೆಯುತ್ತವೆ.

ಈ ಅಂಚಿನ ಪ್ರದೇಶಗಳಲ್ಲಿ ಸಿಖ್ಖರ ಸಂಖ್ಯೆ ದೊಡ್ಡದೇನಲ್ಲ. ಕಂಪನಿಗಳ ಎಂಜಿನಿಯರುಗಳು, ಜಾಲಹಳ್ಳಿಯ ವಾಯುಪಡೆ ನೆಲೆಯ ಸುತ್ತಲಿನ ಸೈನಿಕ ಕುಟುಂಬಗಳು, ತುಮಕೂರು ರಸ್ತೆಯ ಲಾರಿ ಸಾರಿಗೆಯವರು. ಇವರಲ್ಲಿ ಅನೇಕರು ಬಿಡುವಿನ ದಿನ ಸೇರುವ ಜಾಗ ಹಲಸೂರು ಕೆರೆಯ ಪಕ್ಕ, ಕೆನ್ಸಿಂಗ್ಟನ್ ರಸ್ತೆಯಲ್ಲಿರುವ ಗುರುದ್ವಾರ. ಮೆಟ್ರೊ ಬಂದ ಮೇಲೆ ದಾರಿ ಸಲೀಸು. ವೈಟ್‌ಫೀಲ್ಡಿನಿಂದ ನೇರಳೆ ಮಾರ್ಗ ಹಿಡಿದರೆ ಹಲಸೂರು ನಿಲ್ದಾಣವೇ ಸಿಗುತ್ತದೆ. ಪೀಣ್ಯದಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ರೈಲು ಬದಲಿಸಬೇಕು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರೂ ಬಸ್ಸಿನ ಜಂಜಾಟವಿಲ್ಲದೆ ಬರಬಹುದು.

ಒಳಗೆ ಹೋಗಲು ಸಿಖ್ಖರೇ ಆಗಬೇಕಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆಗೆ ಬಟ್ಟೆ ಹೊದ್ದರೆ ಸಾಕು. ನಡುವೆ ಗುರು ಗ್ರಂಥ ಸಾಹಿಬ್. ಎದುರಿಗೆ ಎಲ್ಲರೂ ನೆಲದ ಮೇಲೆ. ಹಾರ್ಮೋನಿಯಂ, ತಬಲಾ ಜೊತೆಗೆ ಕೀರ್ತನೆ. ಆಮೇಲೆ ಲಂಗರ್ ಎಂಬ ಸಹಭೋಜನ: ಬೇಳೆ, ರೊಟ್ಟಿ, ಪಲ್ಯ, ಅನ್ನ, ಒಮ್ಮೊಮ್ಮೆ ಖೀರು. ಕಂಪನಿಯ ಉಪಾಧ್ಯಕ್ಷರೂ ಅವರ ಕಾರಿನ ಚಾಲಕರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ತನ್ನನ್ನು ಕಾಣಲು ಬರುವವರು ಯಾರೇ ಆದರೂ ಮೊದಲು ಪಂಕ್ತಿಯಲ್ಲಿ ಕೂತು ಉಣ್ಣಬೇಕೆಂಬ ನಿಯಮ ಮಾಡಿದವರು ಅದೇ ಅಮರದಾಸರು. ಅಕ್ಬರನೂ ಹಾಗೆ ಕೂತು ಉಂಡನೆಂದು ಸಿಖ್ಖರ ಪರಂಪರೆ ಹೇಳುತ್ತದೆ.

ರೋಗ ಯಾವುದು

ಗುರು ನಾನಕರ ಪ್ರಕಾರ ದುಃಖದ ಬೇರು ‘ಹೌಮೈ’. ‘ನಾನು, ನನ್ನದು’ ಎಂಬ ಬಿಗಿ ಹಿಡಿತ ಎಂದು ಸದ್ಯಕ್ಕೆ ತಿಳಿಯಬಹುದು. ಅದನ್ನವರು ಪಾಪವೆಂದು ಬೈಯುವುದಕ್ಕಿಂತ ಹೆಚ್ಚಾಗಿ ಕಾಯಿಲೆಯೆಂದು ಗುರುತಿಸುತ್ತಾರೆ. ಬಹುಕಾಲ ಕಾಡುವ ಕಾಯಿಲೆ; ಆದರೆ ಮದ್ದೂ ಅದರೊಳಗೇ ಇದೆ ಎಂಬುದು ಎರಡನೆಯ ಗುರು ಅಂಗದರ ಮಾತು. ಕಾಮ, ಕ್ರೋಧ, ಲೋಭ, ಮೋಹ, ಅಹಂಕಾರ ಎಂಬ ಐವರು ಕಳ್ಳರು ನುಗ್ಗುವುದು ಈ ಬಾಗಿಲಿನಿಂದ. ಸುಖವಾಗಿರುವಾಗ ಮನುಷ್ಯನಿಗೆ ತನ್ನ ಕಾಯಿಲೆ ಕಾಣುವುದಿಲ್ಲ, ನೋವು ಬಂದಾಗ ಕಾಣುತ್ತದೆ. ಆ ಅರ್ಥದಲ್ಲಿ ನೋವೇ ಔಷಧಿಯಾಗಬಹುದು ಎಂಬಷ್ಟು ದೂರ ನಾನಕರು ಹೋಗುತ್ತಾರೆ.

ಹೇಳಿದ್ದನ್ನು ಅವರು ದುಡಿಯುವ ಜನರ ನಡುವೆ ಇದ್ದು ಹೇಳಿದರು. ಸುಲ್ತಾನ್‌ಪುರ ಲೋಧಿಯಲ್ಲಿ ನವಾಬ ದೌಲತ್ ಖಾನ್ ಲೋದಿಯ ಉಗ್ರಾಣದಲ್ಲಿ ನಾನಕರು ಧಾನ್ಯ ಅಳೆದು, ಲೆಕ್ಕ ಇಡುವ ನೌಕರರಾಗಿದ್ದರು. ದೀರ್ಘ ಸಂಚಾರ ಮುಗಿಸಿದ ಮೇಲೆ ಕರ್ತಾರ್‌ಪುರದಲ್ಲಿ ನೆಲೆಸಿ, ಕೊನೆಯವರೆಗೂ ಹೊಲದಲ್ಲಿ ದುಡಿದರು. ಮನೆ ಬಿಟ್ಟು ಕಾಡಿಗೆ ಹೋದರೆ ಶಾಂತಿ ಸಿಗುತ್ತದೆ ಎಂಬ ಮಾತನ್ನು ಅವರು ಒಪ್ಪಲಿಲ್ಲ. ದೇವರ ನಾಮವನ್ನು ನೆನೆಯಬೇಕು, ಪ್ರಾಮಾಣಿಕವಾಗಿ ದುಡಿಯಬೇಕು, ದುಡಿದದ್ದನ್ನು ಹಂಚಿ ಉಣ್ಣಬೇಕು. ಸಿಖ್ಖರ ಮನೆಯ ಮಕ್ಕಳಿಗೂ ಬಾಯಿಪಾಠವಾಗಿರುವ ಈ ಮೂರು ನಿಯಮಗಳನ್ನು ಕೇಳಿದಾಗ ಕಾಯಕ, ದಾಸೋಹಗಳ ನೆನಪಾಗದ ಕನ್ನಡಿಗ ಇರಲಾರ. ಒಂದರಿಂದ ಇನ್ನೊಂದು ಬಂತೆಂದು ನಾನು ಹೇಳುತ್ತಿಲ್ಲ. ದುಡಿಯುವ ಜನ ದೇವರನ್ನು ಹುಡುಕಿದ ಕಡೆಗಳಲ್ಲಿ ಉತ್ತರಗಳು ಹತ್ತಿರ ಬಂದು ನಿಲ್ಲುತ್ತವೆ, ಅಷ್ಟೇ.

ಪೀಣ್ಯದ ಕಾರ್ಮಿಕರಿಗೆ ನಾನು ಮೊದಲು ಹೇಳಬಯಸುವ ಕತೆ ಭಾಯಿ ಲಾಲೋನದು. ಸೈದ್‌ಪುರದ ಆ ಬಡ ಬಡಗಿಯ ಮನೆಯಲ್ಲಿ ನಾನಕರು ಉಳಿದುಕೊಂಡಿದ್ದರು. ಊರಿನ ಧನಿಕ ಅಧಿಕಾರಿ ಮಲಿಕ್ ಭಾಗೋ ಮಾಡಿಸಿದ ದೊಡ್ಡ ಔತಣಕ್ಕೆ ಅವರು ಹೋಗಲಿಲ್ಲ. ಕಾರಣ ಕೇಳಿದಾಗ ಒಂದು ಕೈಯಲ್ಲಿ ಲಾಲೋನ ಒಣರೊಟ್ಟಿ, ಇನ್ನೊಂದರಲ್ಲಿ ಭಾಗೋನ ಭಕ್ಷ್ಯ ಹಿಡಿದು ಹಿಂಡಿದರಂತೆ. ಮೊದಲನೆಯದರಿಂದ ಹಾಲು, ಎರಡನೆಯದರಿಂದ ರಕ್ತ ಸುರಿಯಿತಂತೆ. ದುಃಖದ ಬೇರು ಮನಸ್ಸಿನಲ್ಲಿದೆ ಎಂದ ಗುರುವೇ, ಒಬ್ಬರ ದುಃಖ ಇನ್ನೊಬ್ಬರ ತಟ್ಟೆಯಲ್ಲಿ ಬಡಿಸಿರಬಹುದು ಎಂದೂ ತೋರಿಸಿದ ಕತೆ ಇದು.

ಒಪ್ಪಿಗೆ ಯಾರದು

ಸಿಖ್ಖರ ಶಾಂತಿಯ ಕಲ್ಪನೆಯಲ್ಲಿ ನಡುಗಂಬ ‘ಹುಕಮ್’. ಜಗತ್ತು ಒಂದು ದೈವಾಜ್ಞೆಯಲ್ಲಿ ನಡೆಯುತ್ತಿದೆ; ಆ ಇಚ್ಛೆಯನ್ನು, ಅವರ ಮಾತಿನಲ್ಲಿ ‘ಭಾಣಾ’ವನ್ನು, ಸಿಹಿಯೆಂದು ಸ್ವೀಕರಿಸುವವನಿಗೆ ಮನಸ್ಸು ಸ್ಥಿರವಾಗುತ್ತದೆ. ಕೇಳಿದ ಕೂಡಲೇ ನಮಗೆ ಹಣೆಬರಹದ ಮಾತು ನೆನಪಾಗುತ್ತದೆ, ಭಯವೂ ಆಗುತ್ತದೆ. ಪವರ್ ಪ್ರೆಸ್‌ನಲ್ಲಿ ಬೆರಳು ಕಳೆದುಕೊಂಡು ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ನಿಂತ ಹುಡುಗನಿಗೆ ಗುತ್ತಿಗೆದಾರ ‘ಎಲ್ಲ ಹಣೆಬರಹ, ಏನ್ಮಾಡೋಕಾಗುತ್ತೆ’ ಎಂದುಬಿಟ್ಟರೆ? ಭಕ್ತಿಯ ಹೆಸರಿನಲ್ಲಿ ಇಂಥ ಮಾತುಗಳು ಎಷ್ಟೋ ಶತಮಾನ ನಡೆದಿವೆ.

ಸಿಖ್ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅಲ್ಲಿ ಒಪ್ಪಿಗೆ ಎಂಬುದು ನೋವುಂಡವನು ತನ್ನ ನೋವಿನ ಬಗ್ಗೆ ಮಾತ್ರ ಹೇಳಬಹುದಾದ ಮಾತು. ಬೇರೆಯವರ ನೋವಿನ ಎದುರು ನಿಂತಾಗ ಅದನ್ನು ಆಡುವ ಹಕ್ಕು ಯಾರಿಗೂ ಇಲ್ಲ. ಆಗ ಉಳಿಯುವುದು ಪ್ರಶ್ನೆ, ನೀರು, ಮುಲಾಮು; ಬೇಕಾದರೆ ಕತ್ತಿ.

1521ರ ಆಸುಪಾಸು ಬಾಬರನ ಸೈನ್ಯ ಅದೇ ಸೈದ್‌ಪುರವನ್ನು ಸೂರೆ ಮಾಡಿತು. ನಾನಕರು ಅದರ ಬಗ್ಗೆ ರಚಿಸಿದ ನಾಲ್ಕು ಪದಗಳು ‘ಬಾಬರವಾಣಿ’ ಎಂದು ಹೆಸರಾಗಿವೆ. ಒಂದು ಪದ ಲಾಲೋನನ್ನೇ ಉದ್ದೇಶಿಸಿದ್ದು. ಅವುಗಳಲ್ಲಿ ಗುರು ದೇವರ ಇಚ್ಛೆಯೆಂದು ಕೈಮುಗಿದು ಸುಮ್ಮನಾಗುವುದಿಲ್ಲ. ಜನ ಇಷ್ಟು ಗೋಳಾಡುವಾಗ ನಿನಗೆ ನೋವಾಗಲಿಲ್ಲವೇ ಎಂದು ದೇವರನ್ನೇ ಕೇಳುತ್ತಾರೆ. ಕೂದಲು ಕತ್ತರಿಸಿ ಎಳೆದೊಯ್ದ ಹೆಂಗಸರ ಪಾಡು, ಹಾಳು ಬಿದ್ದ ಮನೆಗಳು, ಕರ್ತವ್ಯ ಮರೆತು ಭೋಗದಲ್ಲಿ ಮುಳುಗಿದ್ದ ಆಳುವವರ ತಪ್ಪು ಎಲ್ಲವೂ ಅಲ್ಲಿ ದಾಖಲಾಗಿವೆ. ಭಕ್ತಿಕಾವ್ಯದಲ್ಲಿ ಯುದ್ಧವೊಂದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಅಪರೂಪ. ಅದೇ ಗುರು ತಾವು ರಚಿಸಿದ ‘ಜಪ್‌ಜೀ’ ಪ್ರಾರ್ಥನೆಯಲ್ಲಿ ಹುಕಮ್‌ಗೆ ತಲೆಬಾಗಿದವರು ಎಂಬುದನ್ನು ಮರೆಯಬಾರದು. ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಅವರ ದಾರಿ ಅರ್ಥವಾಗುತ್ತದೆ.

ತನ್ನ ನೋವಿಗೆ ಒಪ್ಪಿಗೆ ಎಂದರೆ ಹೇಗಿರುತ್ತದೆ ಎಂಬುದಕ್ಕೆ ಸಿಖ್ಖರು ನೆನೆಯುವುದು ಐದನೆಯ ಗುರು ಅರ್ಜನ ದೇವರನ್ನು. ಅಮೃತಸರದ ರಾಮ್‌ಸರ್ ಕೊಳದ ದಂಡೆಯಲ್ಲಿ ಕೂತು ‘ಸುಖಮನಿ’ ರಚಿಸಿದವರು ಅವರು. ತಲಾ ಎಂಟು ಚರಣಗಳ 24 ಭಾಗಗಳ ಆ ದೀರ್ಘ ಪದ ಇವತ್ತಿಗೂ ಆತಂಕದಲ್ಲಿರುವ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓದಿಸಿಕೊಳ್ಳುವ ಪಾಠಗಳಲ್ಲೊಂದು. 1604ರಲ್ಲಿ ಗುರುಗಳ ವಾಣಿಯ ಜೊತೆಗೆ ಕಬೀರ, ರವಿದಾಸ, ನಾಮದೇವ, ಶೇಖ್ ಫರೀದರ ಪದಗಳನ್ನೂ ಕೂಡಿಸಿ ಆದಿಗ್ರಂಥವನ್ನು ಸಿದ್ಧಗೊಳಿಸಿದವರೂ ಅವರೇ. ಎರಡು ವರ್ಷದ ನಂತರ, 1606ರಲ್ಲಿ, ಜಹಾಂಗೀರನ ಆಜ್ಞೆಯ ಮೇಲೆ ಲಾಹೋರಿನಲ್ಲಿ ಅವರನ್ನು ಕೊಲ್ಲಲಾಯಿತು. ಕಾದ ಹೆಂಚಿನ ಮೇಲೆ ಕೂರಿಸಿ, ಮೈಮೇಲೆ ಸುಡುವ ಮರಳು ಸುರಿದರು, ಆಗಲೂ ಅವರು ದೇವರ ಇಚ್ಛೆ ಸಿಹಿಯೆಂದರು ಎಂಬುದು ಪರಂಪರೆಯ ನೆನಪು. ಆ ದಿನ ಬರುವುದು ಮೇ ಕೊನೆ ಅಥವಾ ಜೂನ್‌ನಲ್ಲಿ, ಉತ್ತರ ಭಾರತ ಕಾದು ಕೆಂಡವಾಗುವ ಹೊತ್ತಿಗೆ. ಸಿಖ್ಖರು ಅಂದು ರಸ್ತೆ ಬದಿಯಲ್ಲಿ ಪೆಂಡಾಲು ಹಾಕಿ, ಹಾಲು, ಗುಲಾಬಿ ಪಾನಕ ಬೆರೆಸಿದ ತಣ್ಣನೆಯ ನೀರನ್ನು ಹೋಗಿಬರುವ ಪ್ರತಿಯೊಬ್ಬರಿಗೂ ಕುಡಿಸುತ್ತಾರೆ. ಬೆಂಕಿಯಲ್ಲಿ ಬೆಂದ ಗುರುವಿನ ನೆನಪಿಗೆ ಅವರು ಕಂಡುಕೊಂಡ ಆಚರಣೆ, ಗುರುತಿಲ್ಲದವನ ಬಾಯಾರಿಕೆ ತಣಿಸುವುದು. ಇಷ್ಟು ಸುಂದರವಾದ ಶೋಕಾಚರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಅರ್ಜನ ದೇವರ ಮಗ, ಆರನೆಯ ಗುರು ಹರಗೋಬಿಂದರು ಗದ್ದುಗೆ ಏರಿದಾಗ ಎರಡು ಕತ್ತಿ ಧರಿಸಿದರು. ಒಂದು ಆಧ್ಯಾತ್ಮಿಕ ಅಧಿಕಾರಕ್ಕೆ, ಇನ್ನೊಂದು ಲೌಕಿಕ ಅಧಿಕಾರಕ್ಕೆ. ತಂದೆಯ ಒಪ್ಪಿಗೆ ತಂದೆಯದು. ಜನರನ್ನು ಕಾಯುವ ಹೊಣೆ ಮಗನದು. ಒಂಬತ್ತನೆಯ ಗುರು ತೇಗ್ ಬಹಾದ್ದೂರರು 1675ರಲ್ಲಿ ದಿಲ್ಲಿಯ ಚಾಂದನಿ ಚೌಕದಲ್ಲಿ ತಲೆ ಕೊಟ್ಟದ್ದು ತಮ್ಮ ಪಂಥದವರಲ್ಲದ ಕಾಶ್ಮೀರಿ ಪಂಡಿತರ ಧರ್ಮ ಉಳಿಸಲಿಕ್ಕೆಂದು ಸಿಖ್ಖರು ನಂಬುತ್ತಾರೆ. ಆ ರಾತ್ರಿ ಗುರುವಿನ ಮುಂಡವನ್ನು ಗಾಡಿಯಲ್ಲಿ ಅಡಗಿಸಿ ತಂದು, ಯಾರಿಗೂ ಅನುಮಾನ ಬಾರದಂತೆ ತನ್ನ ಮನೆಗೇ ಬೆಂಕಿ ಹಚ್ಚಿ ಅಂತ್ಯಸಂಸ್ಕಾರ ಮಾಡಿದವನು ಲಖಿ ಶಾಹ್ ವಣಜಾರಾ ಎಂಬ ಬಂಜಾರ ವ್ಯಾಪಾರಿ. ದಿಲ್ಲಿಯ ರಕಾಬ್ ಗಂಜ್ ಗುರುದ್ವಾರ ಆ ಜಾಗದಲ್ಲಿದೆ. ಕಲಬುರಗಿ, ವಿಜಯಪುರದ ತಾಂಡಾಗಳಿಂದ ಬಂದು ವೈಟ್‌ಫೀಲ್ಡ್‌ನ ಗೋಪುರಗಳಿಗೆ ಇಟ್ಟಿಗೆ ಹೊರುವ ಲಂಬಾಣಿ ಕುಟುಂಬಗಳು ಅದೇ ಬಂಜಾರ ಸಮುದಾಯದವು. ಅವರ ಮಕ್ಕಳಿಗೆ ಈ ಕತೆ ಯಾರಾದರೂ ಹೇಳಬೇಕು.

ಇನ್ನೊಬ್ಬ ಭಾಯಿ ಕನ್ಹಯ್ಯಾ. ಆನಂದಪುರದ ಕದನಗಳಲ್ಲಿ ಚರ್ಮದ ಚೀಲದಲ್ಲಿ ನೀರು ಹೊತ್ತು ಗಾಯಾಳುಗಳಿಗೆ ಕುಡಿಸುತ್ತಿದ್ದವನು. ಶತ್ರು ಸೈನಿಕರಿಗೂ ಕುಡಿಸುತ್ತಿದ್ದಾನೆಂದು ದೂರು ಹೋಯಿತು. ಹತ್ತನೆಯ ಗುರು ಗೋಬಿಂದ ಸಿಂಗರು ಕರೆಸಿ ಕೇಳಿದರು. ನನಗೆ ಎಲ್ಲರ ಮುಖದಲ್ಲೂ ನೀವೇ ಕಾಣುತ್ತೀರಿ ಎಂದ. ಗುರು ಬೈಯಲಿಲ್ಲ, ನೀರಿನ ಜೊತೆ ಇದನ್ನೂ ಇಟ್ಟುಕೋ ಎಂದು ಮುಲಾಮಿನ ಡಬ್ಬಿ ಕೊಟ್ಟರು. 2021ರ ಏಪ್ರಿಲ್‌ನಲ್ಲಿ, ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದೆ ಜನ ಉಸಿರಿಗಾಗಿ ಒದ್ದಾಡುತ್ತಿದ್ದಾಗ, ಗಾಜಿಯಾಬಾದ್‌ನ ಇಂದಿರಾಪುರಂ ಗುರುದ್ವಾರದ ಎದುರು ರಸ್ತೆಯಲ್ಲೇ ‘ಆಕ್ಸಿಜನ್ ಲಂಗರ್’ ನಡೆಯಿತಲ್ಲ, ಅದರ ಬೇರು ಆ ಡಬ್ಬಿಯಲ್ಲಿದೆ.

ಬೀದರ್‌ನ ಸಿಹಿನೀರು

ಕರ್ನಾಟಕದ ನೆಲದಲ್ಲಿ ಈ ಮಾತುಗಳಿಗೆಲ್ಲ ವಿಳಾಸ ಬೇಕೆಂದರೆ ಬೀದರ್‌ಗೆ ಹೋಗಬೇಕು. ದಕ್ಷಿಣದ ಸಂಚಾರದಲ್ಲಿ ನಾನಕರು ಅಲ್ಲಿಗೆ ಬಂದಾಗ ಜನ ಕುಡಿಯುವ ನೀರಿಗೆ ಪರದಾಡುತ್ತಿದ್ದರು, ತೋಡಿದ ಬಾವಿಗಳ ನೀರು ಬಾಯಿಗಿಡಲಾಗದಂತಿತ್ತು ಎಂದು ಕತೆ. ಗುರು ಗುಡ್ಡದ ಬುಡದ ಕಲ್ಲೊಂದನ್ನು ಕಾಲಿನಿಂದ ಸರಿಸಿದರು, ಸಿಹಿನೀರು ಚಿಮ್ಮಿತು. ನಾನಕ್ ಝೀರಾ ಸಾಹಿಬ್ ಗುರುದ್ವಾರದಲ್ಲಿ ಆ ಒರತೆ ಇಂದಿಗೂ ಹರಿಯುತ್ತದೆ, ಅಮೃತಕುಂಡದಲ್ಲಿ ತುಂಬಿಕೊಳ್ಳುತ್ತದೆ. ಭೂವಿಜ್ಞಾನದ ಕಣ್ಣಿನಿಂದ ನೋಡಿದರೆ, ಬೀದರ್ ಪ್ರಸ್ಥಭೂಮಿಯ ಮೇಲೆ ಮುರಕಲ್ಲಿನ ದಪ್ಪ ಪದರವಿದೆ, ಕೆಳಗೆ ಕಪ್ಪುಶಿಲೆ. ಮಳೆನೀರು ರಂಧ್ರಗಳ ಮುರಕಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿ ಬಂಡೆ ತಡೆದ ಕಡೆ ಬದಿಯಿಂದ ಒರತೆಯಾಗಿ ಹೊರಬರುತ್ತದೆ. ಬಹಮನಿ ಕಾಲದವರು ನೌಬಾದ್ ಬಳಿ ಸುರಂಗ ಕಾಲುವೆ ಕೊರೆದು ನೀರು ತಂದದ್ದೂ ಇದೇ ಗುಣ ಬಲ್ಲವರಾಗಿ. ಇದು ತಿಳಿದ ಮೇಲೂ ಕತೆ ನನಗೆ ಚಿಕ್ಕದಾಗಿ ಕಾಣಲಿಲ್ಲ. ದುಃಖದಲ್ಲಿದ್ದ ಊರಿಗೆ ಬಂದ ಸಂತ ಮೊದಲು ಕೇಳಿಸಿಕೊಂಡದ್ದು ಅವರ ಬಾಯಾರಿಕೆಯನ್ನು. ಪ್ರವಚನಕ್ಕೆ ಆಮೇಲೆ ಜಾಗ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯುತ್ತ ಖಾಲಿ ಬಿಂದಿಗೆ ಜೋಡಿಸಿಟ್ಟ ವೈಟ್‌ಫೀಲ್ಡಿನ ಓಣಿಗಳಿಗೆ ಈ ಕತೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರ್‌ನವರು. ಕ್ಷೌರಿಕ ಕುಲದ ಸಾಹಿಬ್ ಚಂದ್ ಅಂದು ಭಾಯಿ ಸಾಹಿಬ್ ಸಿಂಗ್ ಆದರು, ಮುಂದೆ ಚಮಕೌರ್ ಕದನದಲ್ಲಿ ಮಡಿದರು. ದಿನಾ ಗುರುದ್ವಾರಗಳಲ್ಲಿ ನಡೆಯುವ ಪ್ರಾರ್ಥನೆಯಲ್ಲಿ ‘ಪಂಜ್ ಪ್ಯಾರೆ’ ಎಂದು ಹೆಸರಾದ ಆ ಐವರನ್ನು ನೆನೆಯುವಾಗ ನಮ್ಮ ಬೀದರ್‌ನ ಮಗನೊಬ್ಬನ ಸ್ಮರಣೆಯೂ ಸೇರಿರುತ್ತದೆ. ಕಾಯಕದ ಹೆಸರಿನಲ್ಲೇ ಗುರುತಾದ ಶರಣರಲ್ಲೊಬ್ಬನಾದ ಹಡಪದ ಅಪ್ಪಣ್ಣನಿದ್ದ ಬಸವಕಲ್ಯಾಣ ಅದೇ ಜಿಲ್ಲೆಯಲ್ಲಿದೆ ಎಂಬುದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಬೀದರ್ ಸಮೀಪದ ಜನವಾಡದಲ್ಲಿ ಮಾಯಿ ಭಾಗೋ ನೆನಪಿನ ಗುರುದ್ವಾರವಿದೆ. ಗುರು ಗೋಬಿಂದ ಸಿಂಗರನ್ನು ಬಿಟ್ಟು ಊರಿಗೆ ಮರಳಿದ್ದ 40 ಜನರನ್ನು ನಾಚಿಸಿ, ತಾನೇ ಮುಂದೆ ನಿಂತು 1705ರ ಮುಕ್ತಸರ ಕದನಕ್ಕೆ ಕರೆದೊಯ್ದ ಹೆಂಗಸು ಆಕೆ. ಕದನದಲ್ಲಿ ಆಕೆಯ ಜೊತೆಗಿದ್ದವರೆಲ್ಲ ಸತ್ತರು. 1708ರಲ್ಲಿ ನೆರೆಯ ನಾಂದೇಡದಲ್ಲಿ ಗುರುವೂ ತೀರಿಕೊಂಡ ಮೇಲೆ ಆಕೆ ಜನವಾಡಕ್ಕೆ ಬಂದು ಧ್ಯಾನದಲ್ಲಿ ಉಳಿದ ಬದುಕು ಸವೆಸಿದರು. ಪಂಜಾಬಿನಿಂದ ಅಷ್ಟು ದೂರ, ತನ್ನ ಭಾಷೆ ಆಡದ ಊರಿನಲ್ಲಿ, ತನ್ನವರನ್ನೆಲ್ಲ ಕಳೆದುಕೊಂಡ ಒಬ್ಬ ಹೆಂಗಸು ಹೇಗೆ ಬಾಳಿದಳು? ಇಲ್ಲಿನ ಕನ್ನಡ, ಮರಾಠಿ, ದಖ್ಖನಿ ಮಾತಿನ ನಡುವೆ ಆಕೆಯನ್ನು ಯಾರು ನೋಡಿಕೊಂಡರು? ಜನವಾಡವನ್ನು ನೆನೆದಾಗಲೆಲ್ಲ ನನಗೆ ಮೊದಲು ಏಳುವ ಪ್ರಶ್ನೆಗಳು ಇವು.

ಇದೇ ಬೀದರ್‌ನಲ್ಲಿ 1988ರ ಸೆಪ್ಟೆಂಬರ್‌ನಲ್ಲಿ, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ಗುಂಪುಗಳು ಬಿದ್ದವು, ಹುಡುಗರು ಕೊಲೆಯಾದರು. ಸಿಹಿನೀರಿನ ಕತೆ ಹೇಳುವ ಕನ್ನಡಿಗ ಅದನ್ನೂ ಹೇಳಬೇಕು.

ಚಡ್ದೀ ಕಲಾ

ಇಷ್ಟೆಲ್ಲ ನೋವು ಉಂಡ ಸಿಖ್ಖರು ತಮ್ಮ ಮನಃಸ್ಥಿತಿಗೆ ಇಟ್ಟುಕೊಂಡ ಹೆಸರು ‘ಚಡ್ದೀ ಕಲಾ’, ಏರುತ್ತಲೇ ಇರುವ ಉತ್ಸಾಹ. ಹೊರಗಿನವರು ಇದನ್ನು ಸದಾ ನಗುತ್ತಿರುವ ಸರದಾರರ ಸ್ವಭಾವ ಎಂದು ತಿಳಿದಿದ್ದಾರೆ. ಅದು ಸರಿಯಲ್ಲ. ‘ಅರದಾಸ್’ ಎಂಬ ನಿತ್ಯ ಪ್ರಾರ್ಥನೆ ಕೇಳಿಸಿಕೊಂಡರೆ ಗೊತ್ತಾಗುತ್ತದೆ. ಎಲ್ಲರೂ ಎದ್ದುನಿಂತು ಕೈಮುಗಿದಿರುವಾಗ ಅದರಲ್ಲಿ ಗುರುಗಳ ಹೆಸರು ಬರುತ್ತದೆ, ಆಮೇಲೆ ಕೀಲು ಕೀಲು ಕತ್ತರಿಸಿಕೊಂಡವರು, ತಲೆಬುರುಡೆ ಕಳೆದುಕೊಂಡವರು, ಗರಗಸಕ್ಕೆ ಮೈಯೊಡ್ಡಿದವರು, ಮಕ್ಕಳನ್ನು ಕಣ್ಣೆದುರೇ ಕಳೆದುಕೊಂಡ ತಾಯಂದಿರು. ದಿನಕ್ಕೆ ಹಲವು ಬಾರಿ, ಮಕ್ಕಳ ಎದುರಿನಲ್ಲೇ ಈ ಗಾಯಗಳ ಪಟ್ಟಿ ಓದುತ್ತಾರೆ. ಅದಾದ ಮೇಲೆ, ಕಟ್ಟಕಡೆಯಲ್ಲಿ, ಉತ್ಸಾಹವನ್ನೂ ಎಲ್ಲರ ಒಳಿತನ್ನೂ ಬೇಡುತ್ತಾರೆ. ಎಲ್ಲರ ಎಂದರೆ ಸಿಖ್ಖರಲ್ಲದವರೂ ಸೇರಿ. ಗಾಯ ಮುಚ್ಚಿಟ್ಟು ಪಡೆದ ಉಲ್ಲಾಸವಲ್ಲ ಅದು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಶಾಂತಿಯನ್ನು ಚಂದಾ ಕಟ್ಟಿ ಪಡೆಯಬಹುದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ, ಆ್ಯಪ್ ಹೇಳಿದಂತೆ ಉಸಿರಾಡಬೇಕು. ಅದರಿಂದ ನಿದ್ದೆ ಬಂದವರನ್ನು ನಾನು ಬಲ್ಲೆ, ಅದನ್ನು ಹಳಿಯುವುದಿಲ್ಲ. ಸಿಖ್ಖರಲ್ಲೂ ಒಬ್ಬರೇ ಕೂತು ಮಾಡುವ ಸ್ಮರಣೆ ಇದೆ. ನಸುಕಿಗೆ ಮುನ್ನದ ಅಮೃತವೇಳೆಯಲ್ಲಿ ಎದ್ದು ‘ಜಪ್‌ಜೀ’ ಹೇಳಿಕೊಳ್ಳುವ ನಿಯಮವಿದೆ. ರಾತ್ರಿ ಪಾಳಿ ಮುಗಿಸಿ ಕ್ಯಾಬ್‌ನಲ್ಲಿ ಮರಳುವವರಿಗೆ ಅದೇ ಹೊತ್ತು ಮಲಗುವ ಮುಂಚಿನ ಪ್ರಾರ್ಥನೆಯಾಗುತ್ತದೆ. ಆದರೆ ಅಲ್ಲಿಗೇ ನಿಂತರೆ ಅರ್ಧ ದಾರಿ. ಸಂಗತ್ ಎಂಬ ಭಕ್ತರ ಕೂಟ ಬೇಕು, ಸೇವೆ ಬೇಕು. ಶೇಖ್ ಫರೀದರ ಒಂದು ದ್ವಿಪದಿಯಲ್ಲಿ, ನೋವು ತನಗೊಬ್ಬನಿಗೇ ಎಂದುಕೊಂಡಿದ್ದವನು ಎತ್ತರಕ್ಕೇರಿ ನೋಡುತ್ತಾನೆ. ಮನೆ ಮನೆಯಲ್ಲೂ ಅದೇ ಬೆಂಕಿ ಉರಿಯುತ್ತಿರುತ್ತದೆ. ಗುರುದ್ವಾರದ ಅಡುಗೆಮನೆ ಈ ಅರಿವನ್ನು ಕೈಗೆ ಕಲಿಸುತ್ತದೆ. ಹಿಟ್ಟು ನಾದಬೇಕು, ಈರುಳ್ಳಿ ಹೆಚ್ಚಬೇಕು, ಬಂದವರ ಚಪ್ಪಲಿ ಒರೆಸಿ ಜೋಡಿಸಬೇಕು, ರಾಶಿ ಬಿದ್ದ ತಟ್ಟೆ ತೊಳೆಯಬೇಕು. ಕೆಲಸ ಕಳೆದುಕೊಂಡವನನ್ನು ಯಾರೂ ‘ಈಗ ಎಲ್ಲಿದ್ದೀರಿ’ ಎಂದು ಕೇಳುವುದಿಲ್ಲ. ಕೈಗೆ ಲಟ್ಟಣಿಗೆ ಕೊಡುತ್ತಾರೆ. ಹೌಮೈ ಸಡಿಲವಾಗಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಖಿನ್ನತೆ ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ, ಇದೇ ಊರಿನಲ್ಲಿ ನಿಮ್ಹಾನ್ಸ್ ಇದೆ. ಪಾಠ ಓದಿದರೆ ಮಾತ್ರೆ ಬೇಡ ಎನ್ನುವವರು ಗುರುವಿನ ಮಾತನ್ನು ಕೆಡಿಸುತ್ತಾರೆ. ಐದನೆಯ ಗುರು ಅರ್ಜನ ದೇವರು ತರನ್ ತಾರನ್‌ನಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿಸಿದರೆಂದು, ಏಳನೆಯ ಗುರು ಹರ ರಾಯರು ಕೀರತ್‌ಪುರದಲ್ಲಿ ಔಷಧಾಲಯ ನಡೆಸಿದರೆಂದು ಸಿಖ್ಖರೇ ಹೆಮ್ಮೆಯಿಂದ ಹೇಳುತ್ತಾರೆ.

ಈ ಅಂಚಿನ ಊರುಗಳ ಬಾಡಿಗೆ ಫ್ಲ್ಯಾಟಿನಲ್ಲಿ ಸಿಖ್ ಮನೆಯ ಯಜಮಾನರೊಬ್ಬರು ತೀರಿಕೊಂಡರೆ ಏನು ನಡೆಯುತ್ತದೆ? 1945ರಲ್ಲಿ ಅಂತಿಮಗೊಂಡ ಸಿಖ್ ರೆಹತ್ ಮರ್ಯಾದೆ ಎದೆ ಬಡಿದುಕೊಂಡು ಗೋಳಾಡುವುದನ್ನು ಬೇಡವೆನ್ನುತ್ತದೆ. ಅಳುವುದನ್ನು ಯಾರೂ ತಡೆಯಲಾರರು. ದಹನ ಮುಗಿಸಿ ಬಂದ ಮೇಲೆ ಮನೆಯಲ್ಲೋ ಗುರುದ್ವಾರದಲ್ಲೋ ಗುರು ಗ್ರಂಥದ ಪೂರ್ತಿ 1430 ಪುಟಗಳ ಪಾಠ ಶುರುವಾಗುತ್ತದೆ. ಓದಲು ಬರುವ ಮನೆಯವರು, ನೆಂಟರು, ಸ್ನೇಹಿತರು ಸರದಿಯಲ್ಲಿ ಓದುತ್ತಾರೆ. ಪುಟದ ಮೇಲೆ ಕಣ್ಣಿಟ್ಟು ಕೂತ ಗಂಟೆಗಳಲ್ಲಿ ಮನಸ್ಸಿಗೆ ಹಿಡಿಯಲು ಒಂದು ಹಗ್ಗ ಸಿಗುತ್ತದೆ. ಹತ್ತನೆಯ ದಿನದ ಹೊತ್ತಿಗೆ ಪಾಠ ಕೊನೆಯ ಪುಟಗಳಿಗೆ ಬರುತ್ತದೆ, ಅಲ್ಲಿ ತೇಗ್ ಬಹಾದ್ದೂರರ 57 ಶ್ಲೋಕಗಳಿವೆ. ಬದುಕು ಶಾಶ್ವತವಲ್ಲ, ಯಾರನ್ನೂ ಹೆದರಿಸಬೇಡ, ಯಾರಿಗೂ ಹೆದರಬೇಡ ಎಂಬ ಅರ್ಥದ ಆ ಮಾತುಗಳನ್ನು ಎಲ್ಲರೂ ಕೂತು ಕೇಳುತ್ತಾರೆ. ಅರದಾಸ್ ಆಗುತ್ತದೆ. ಗ್ರಂಥವನ್ನು ತೆರೆದು, ಕಣ್ಣಿಗೆ ಬಿದ್ದ ಪದವನ್ನು ಅಂದಿನ ಅಪ್ಪಣೆಯೆಂದು ಓದುತ್ತಾರೆ. ಆಮೇಲೆ ಊಟ. ಮನೆಯ ಹಿರಿಮಗನಿಗೆ ಸೋದರಮಾವನ ಕಡೆಯವರು ಪೇಟ ತಂದು ಸುತ್ತುತ್ತಾರೆ. ಇನ್ನು ಮುಂದೆ ತಾಯಿಯ ಔಷಧಿ, ತಂಗಿಯ ಕಾಲೇಜು ಶುಲ್ಕ, ಮನೆ ಸಾಲದ ಉಳಿದ ಕಂತು ಅವನ ಲೆಕ್ಕಕ್ಕೆ. ಹಿರಿಯರೊಬ್ಬರು ಅವನನ್ನು ಪಕ್ಕಕ್ಕೆ ಕರೆದು ಬ್ಯಾಂಕಿಗೆ ಯಾವ ಕಾಗದ ಕೊಡಬೇಕು, ಪಿಂಚಣಿಗೆ ಎಲ್ಲಿ ಅರ್ಜಿ ಹಾಕಬೇಕು ಎಂದು ಹೇಳಿಕೊಡುತ್ತಾರೆ.